ಸ್ಲೋದಲ್ಲಿ ಒಂದೇ ಸಮ ಓಡದ ಹಳೆ ಬೋಟ್ ಎಂಜಿನ್: ಪಂಪ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಅಣ್ಣ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹಳೆ ಆರು ಸಿಲಿಂಡರ್ ಲೇಲ್ಯಾಂಡ್ ಎಂಜಿನ್, ಸಿಲಿಂಡರುಗಳಿಗೆ ಡೀಸೆಲ್ ಹೊಡೆಯುವುದು ಇನ್‌ಲೈನ್ ಪಂಪ್. ಜೂನ್, ಜುಲೈ ಬೋಟು ಹೊಳೆಯಲ್ಲಿ ಕಟ್ಟಿ ಇಟ್ಟಿದ್ದಿರಿ. ಆಗಸ್ಟಿನಲ್ಲಿ ಸ್ಟಾರ್ಟ್ ಮಾಡಿದಾಗಿನಿಂದ ಸ್ಲೋದಲ್ಲಿ, ಅಂದರೆ ರೇಸ್ ಕೊಡದೆ ಬಿಟ್ಟಾಗ, ಒಂದೇ ಸುತ್ತಿನಲ್ಲಿ ನಿಲ್ಲುತ್ತಿಲ್ಲ. ನಿಮಿಷಕ್ಕೆ 500 ಸುತ್ತಿಗೆ ಇಳಿಯುತ್ತದೆ, 750ಕ್ಕೆ ಏರುತ್ತದೆ, ಗೇರ್ ಹಾಕಿದ ಕೂಡಲೇ ಬಂದ್. ರೇಸ್ ಕೊಟ್ಟರೆ ಮಾತ್ರ ಚೆನ್ನಾಗಿ ಓಡುತ್ತದೆ. ಮೆಕ್ಯಾನಿಕ್ ಬಂದು ಸ್ಲೋ ಸ್ಕ್ರೂ ಏರಿಸಿ ಹೋದರು, ಎರಡು ದಿನಕ್ಕೆ ಮತ್ತೆ ಅದೇ ಕಥೆ. ಪಂಪ್ ಬಿಚ್ಚಿ ಕಳಿಸಬೇಕಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ಪಂಪ್ ಕೆಟ್ಟಿರಲೂಬಹುದು, ಆದರೆ ನೀವು ಬರೆದದ್ದನ್ನು ನೋಡಿದರೆ ನನಗೆ ಮೊದಲ ಅನುಮಾನ ಪಂಪಿನ ಮೇಲಲ್ಲ, ಪಂಪಿಗೆ ಬಂದು ಸೇರುವ ಡೀಸೆಲ್ಲಿನ ಮೇಲೆ. ಇನ್ನು ಆ ಸ್ಲೋ ಸ್ಕ್ರೂವನ್ನು ದಯವಿಟ್ಟು ಮೊದಲಿದ್ದ ಜಾಗಕ್ಕೇ ತನ್ನಿ. ಹಳೆ ಪೇಂಟಿನ ಗುರುತು ಥ್ರೆಡ್ ಮೇಲೆ ಕಾಣುತ್ತದೆ. ಲಿವರ್ ಎಲ್ಲಿ ಬಂದು ನಿಲ್ಲಬೇಕು ಅನ್ನುವುದಷ್ಟೇ ಆ ಸ್ಕ್ರೂವಿನ ಕೆಲಸ. ಮೇ ತಿಂಗಳ ಕೊನೆಗೆ ಸರಿ ಇದ್ದ ಸ್ಕ್ರೂ, ಲಾಕ್ ನಟ್ ಬಿಗಿ ಇರುವಾಗ, ಕಟ್ಟಿ ಇಟ್ಟ ಬೋಟಿನಲ್ಲಿ ತಾನಾಗಿ ತಿರುಗುವುದಿಲ್ಲ ಅಲ್ವಾ? ಹಾಗಾದರೆ ಬದಲಾದದ್ದು ಬೇರೆ ಏನೋ.

ಎಂಜಿನ್ ನಿಂತಿದ್ದ ಈ 61 ದಿನದಲ್ಲಿ ಏನೇನು ಆಗುತ್ತದೆ ಅಂತ ಯೋಚಿಸಿ. ಅರ್ಧ ಖಾಲಿ ಟ್ಯಾಂಕಿನೊಳಗೆ ಮಳೆಗಾಲದ ತೇವದ ಗಾಳಿ ಹೋಗಿ ಬಂದು ಮಾಡುತ್ತದೆ, ಗೋಡೆಯಲ್ಲಿ ನೀರು ಕೂತು ತಳಕ್ಕೆ ಇಳಿಯುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಲೋಳೆ ಬೆಳೆಯುತ್ತದೆ. ರಬ್ಬರ್ ಪೈಪು ಬಿರುಕು ಬಿಡುತ್ತದೆ. ರೇಸ್ ಕೇಬಲ್ಲಿಗೆ ಉಪ್ಪು ಹಿಡಿಯುತ್ತದೆ. ಪಂಪಿನೊಳಗೆ ನಿಂತ ಡೀಸೆಲ್ ಅಂಟಿನ ಹಾಗೆ ಆಗಿ, ಡೀಸೆಲ್ಲಿನ ಅಳತೆ ಹೆಚ್ಚು ಕಡಿಮೆ ಮಾಡುವ ಸರಳು, ಅಂದರೆ ರ‍್ಯಾಕ್ ಬಿಗಿಯಾಗುತ್ತದೆ. ಪ್ರೊಪೆಲ್ಲರಿನ ಮೇಲೆ ಚಿಪ್ಪು ಬೆಳೆಯುತ್ತದೆ. ಇದರಲ್ಲಿ ಯಾವುದಾದರೂ ಒಂದು, ಅಥವಾ ಎರಡು ಸೇರಿ ನಿಮ್ಮ ತೊಂದರೆ.

ರೇಸಿನಲ್ಲಿ ಸರಿ ಇದ್ದು ಸ್ಲೋದಲ್ಲಿ ಮಾತ್ರ ಯಾಕೆ ಕೆಡುತ್ತದೆ ಅಂತ ತುಂಬ ಜನ ಕೇಳುತ್ತಾರೆ. 600 ಸುತ್ತಿನಲ್ಲಿ ಆರು ಸಿಲಿಂಡರ್ ಸೇರಿ ನಿಮಿಷಕ್ಕೆ 1800 ಸಲ ಉರಿಯುತ್ತವೆ, ಅಂದರೆ ಸೆಕೆಂಡಿಗೆ 30. ಲೋಡ್ ಇಲ್ಲದಿರುವಾಗ ಒಂದೊಂದು ಸಲಕ್ಕೆ ಹೋಗುವ ಡೀಸೆಲ್ ಒಂದು ಹನಿಗಿಂತ ಎಷ್ಟೋ ಕಡಿಮೆ. ಅಷ್ಟು ಸಣ್ಣ ಅಳತೆಯಲ್ಲಿ ಒಂದು ಗಾಳಿ ಗುಳ್ಳೆ ಬಂದರೂ, ರ‍್ಯಾಕ್ ಕೂದಲೆಳೆಯಷ್ಟು ಹಿಡಿದರೂ ಎಂಜಿನ್ ಮುಗ್ಗರಿಸುತ್ತದೆ. ಸುತ್ತು ಇಳಿದ ಕೂಡಲೇ ಗವರ್ನರ್ ಜಾಸ್ತಿ ಡೀಸೆಲ್ ಕೊಡುತ್ತದೆ, ಸುತ್ತು ಏರುತ್ತದೆ, ಮತ್ತೆ ಕಡಿಮೆ ಮಾಡುತ್ತದೆ. ನೀವು ಕೇಳುವ ಆ ಏರಿಳಿತದ ಸದ್ದು ಇದೇ. ಫುಲ್ ರೇಸಿನಲ್ಲಿ ಅದೇ ಗುಳ್ಳೆ ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ಮಾತು: ಫಿಲ್ಟರ್ ಕಟ್ಟಿದ್ದರೆ ಅಥವಾ ಟ್ಯಾಂಕಿನ ಗಾಳಿ ಪೈಪು ಮುಚ್ಚಿದ್ದರೆ ಅದು ಉಲ್ಟಾ ಕಾಣುತ್ತದೆ. ಸ್ಲೋದಲ್ಲಿ ಸರಿ ಇದ್ದು ಬಲೆ ಎಳೆಯುವಾಗ ಸೋಲುತ್ತದೆ. ನಿಮ್ಮದು ಹಾಗಲ್ಲ.

ಶುರು ಮಾಡುವುದು ಕೇಬಲ್ಲಿನಿಂದ, ಯಾಕೆಂದರೆ ಐದು ನಿಮಿಷದ ಕೆಲಸ. ಪಂಪಿನ ಲಿವರಿನಿಂದ ಕೇಬಲ್ ತುದಿ ಬಿಚ್ಚಿ, ಲಿವರನ್ನು ಕೈಯಲ್ಲಿ ಸ್ಲೋ ಸ್ಕ್ರೂಗೆ ತಾಗಿಸಿ ಎಂಜಿನ್ ಓಡಿಸಿ. ಈಗ ಸ್ಲೋ ಸರಿಯಾಗಿ ನಿಂತರೆ ತಪ್ಪು ಕೇಬಲ್ಲಿನದು. ಉಪ್ಪು ಹಿಡಿದ ಕೇಬಲ್ ಒಂದು ಸಲ ಪೂರ್ತಿ ಹಿಂದೆ ಬರುತ್ತದೆ, ಒಂದು ಸಲ ಬರುವುದಿಲ್ಲ. ಅದಕ್ಕೇ ಸ್ಲೋ ದಿನಕ್ಕೊಂದು ತರ ಆಗುವುದು. ಸ್ಟಾಪ್ ಕೇಬಲ್ಲನ್ನೂ ಹೀಗೇ ನೋಡಿ. ಅದು ಅರ್ಧದಲ್ಲಿ ಹಿಡಿದು ನಿಂತರೆ ಸ್ಟಾಪ್ ಲಿವರ್ ಡೀಸೆಲ್ಲನ್ನು ಸ್ವಲ್ಪ ಕಡಿಮೆ ಮಾಡುತ್ತಲೇ ಇರುತ್ತದೆ, ಗೇರ್ ಹಾಕಿದ ಕೂಡಲೇ ಎಂಜಿನ್ ಸಾಯುತ್ತದೆ. ಸುತ್ತು ಅಳೆಯುವಾಗ ಹಳೆ ಮೀಟರನ್ನು ನಂಬಬೇಡಿ. ಪುಲ್ಲಿಗೆ ಹೊಳೆಯುವ ಟೇಪ್ ಅಂಟಿಸಿ ದೂರದಿಂದಲೇ ಬೆಳಕು ಬಿಟ್ಟು ಅಳೆಯುವ ಟ್ಯಾಕೋಮೀಟರ್ ಈಗ ಕಡಿಮೆ ದುಡ್ಡಿಗೆ ಸಿಗುತ್ತದೆ, ಗುಂಪಿನಲ್ಲಿ ಯಾರ ಹತ್ತಿರವಾದರೂ ಇರುತ್ತದೆ.

ಇನ್ನು ಕ್ಯಾನ್ ಪರೀಕ್ಷೆ. ಈ ಉತ್ತರದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ತೊಳೆದು ಒಣಗಿಸಿದ 10 ಲೀಟರ್ ಕ್ಯಾನಿಗೆ ಹೊಸ ಡೀಸೆಲ್ ತುಂಬಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಫೀಡ್ ಪಂಪಿಗಿಂತ ಎತ್ತರದಲ್ಲಿ, ಹೊಗೆ ಹೋಗುವ ಬಿಸಿ ಮ್ಯಾನಿಫೋಲ್ಡಿನಿಂದ ದೂರ ಗಟ್ಟಿಯಾಗಿ ಕಟ್ಟಿ. ಟ್ಯಾಂಕಿನಿಂದ ಬರುವ ಪೈಪನ್ನು ಬಿಟ್ಟು, ಒಳಗಿನ ಡೀಸೆಲ್ ಕಾಣುವಂಥ ಪೈಪಿನಲ್ಲಿ ಕ್ಯಾನಿನಿಂದ ನೇರ ಫೀಡ್ ಪಂಪಿಗೆ ಕೊಡಿ. ರಿಟರ್ನನ್ನೂ (ಉಳಿದ ಡೀಸೆಲ್ ವಾಪಸ್ ಹೋಗುವ ದಾರಿ) ಇಂಥದ್ದೇ ಪೈಪಿನಲ್ಲಿ ಅದೇ ಕ್ಯಾನಿಗೆ ತಂದು ಡೀಸೆಲ್ಲಿನೊಳಗೆ ಮುಳುಗಿಸಿ. ರಿಟರ್ನನ್ನು ಮರೆತರೆ ಪರೀಕ್ಷೆ ಅರ್ಧ ಸುಳ್ಳು. ಆಮೇಲೆ ಫೀಡ್ ಪಂಪಿನ ಮೇಲಿರುವ ಕೈ ಪಂಪ್ ಹೊಡೆದು ಫಿಲ್ಟರಿನ ಏರ್ ಸ್ಕ್ರೂ, ಪಂಪಿನ ಏರ್ ಸ್ಕ್ರೂ, ಈ ಕ್ರಮದಲ್ಲಿ ಏರ್ ತೆಗೆಯಿರಿ. ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಹೊಡೆಯಬೇಕು. ಕೈ ಪಂಪಿನ ಹಿಡಿಯನ್ನು ಕೊನೆಗೆ ಪೂರ್ತಿ ತಿರುಗಿಸಿ ಕೂರಿಸಿ. ಅದು ಸಡಿಲ ಉಳಿದರೆ ಅಲ್ಲಿಂದಲೇ ಗಾಳಿ ಎಳೆಯುತ್ತದೆ.

ಅರ್ಧ ಗಂಟೆ ಸ್ಲೋದಲ್ಲಿ ಓಡಿಸಿ. ಸರಿ ಹೋದರೆ ಪಂಪಿಗೆ ಏನೂ ಆಗಿಲ್ಲ, ತೊಂದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯಲ್ಲಿದೆ. ಟ್ಯಾಂಕಿನ ತಳದ ನೀರು ಬಿಡಿ, ಪೈಪು ಬದಲಿಸಿ, ಪೈಪು ಜೋಡಿಸುವ ಪ್ರತಿ ಬ್ಯಾಂಜೋ ಬೋಲ್ಟಿಗೂ ಹೊಸ ತಾಮ್ರದ ವಾಷರ್ ಹಾಕಿ. ಹಳೆ ವಾಷರನ್ನು ತಿರುಗಿಸಿ ಹಾಕುವ ಅಭ್ಯಾಸ ಬಿಡಿ. ಕ್ಯಾನಿನಿಂದ ಹೋಗುವ ಪೈಪಿನಲ್ಲಿ ಗುಳ್ಳೆ ಇಲ್ಲ, ಆದರೂ ರಿಟರ್ನಿನಲ್ಲಿ ಗುಳ್ಳೆ ನಿಲ್ಲುತ್ತಿಲ್ಲ ಅಂದರೆ ಗಾಳಿ ಫೀಡ್ ಪಂಪಿನಲ್ಲೇ ಸೇರುತ್ತಿದೆ. ಕೈ ಪಂಪಿನ ಸೀಲು, ಕೆಳಗಿನ ಸಣ್ಣ ಜಾಲರಿ ಬಟ್ಟಲಿನ ಗ್ಯಾಸ್ಕೆಟ್, ಒಳಗೆ ಬರುವ ಜಾಗದ ವಾಷರ್, ಈ ಮೂರನ್ನು ನೋಡಿ.

ನಮ್ಮ ಬೋಟಿನಲ್ಲಿ ಒಂದು ವರ್ಷ ಇದೇ ಆಗಿತ್ತು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಸೀಸನ್ ಶುರುವಾದ ಗಡಿಬಿಡಿ. ದಕ್ಕೆಯಲ್ಲಿ ನಿಂತು ಸ್ಲೋವನ್ನು 850ಕ್ಕೆ ಏರಿಸಿಕೊಂಡು ಹೊರಟೆವು. ಮೂರನೇ ದಿನ ವಾಪಸ್ ಬರುವಾಗ ಅಳಿವೆಯ ಬಾಯಿಯಲ್ಲಿ, ತೆರೆ ನೋಡಿಕೊಂಡು ಬೋಟು ನಡೆಸುವ ತಾಂಡೇಲರು ರೇಸ್ ಇಳಿಸಿದರು, ಎಂಜಿನ್ ನಿಂತೇ ಹೋಯಿತು. ಎಂಟು ಜನ ಇದ್ದೆವು. ಬೋಟು ಅಡ್ಡ ತಿರುಗಿತು. ಲಂಗರು ಹಿಡಿದದ್ದರಿಂದ ಬದುಕಿದೆವು, ಹಿಂದೆ ಬರುತ್ತಿದ್ದ ಬೋಟಿನವರು ಹಗ್ಗ ಕೊಟ್ಟು ಎಳೆದರು. ಆಮೇಲೆ ಸಿಕ್ಕಿದ ಕಾರಣ ಫೀಡ್ ಪಂಪಿಗೆ ಡೀಸೆಲ್ ಬರುವ ಕಡೆ ಒಂದು ಸವೆದ ತಾಮ್ರದ ವಾಷರ್. ಡೀಸೆಲ್ ಹೊರಗೆ ಸೋರುತ್ತಿರಲಿಲ್ಲ, ಗಾಳಿ ಒಳಗೆ ಹೋಗುತ್ತಿತ್ತು. ಎಳೆಯುವ ಕಡೆಯ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ, ಪೈಪು ಒಣಗಿಯೇ ಇರುತ್ತದೆ. ನೀವೂ ಇದು ಸರಿಯಾಗುವ ತನಕ ಅಳಿವೆ ದಾಟಬೇಡಿ ಅಣ್ಣ, ಎರಡು ದಿನದ ಮೀನು ಹೋದರೆ ಹೋಗಲಿ.

ಕ್ಯಾನಿನಲ್ಲೂ ಅದೇ ಏರಿಳಿತ ಇದ್ದರೆ ಇಂಜೆಕ್ಟರಿಗೆ ಹೋಗಿ. ಸ್ಲೋದಲ್ಲಿ ಓಡುತ್ತಿರುವಾಗ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಕೇಳಿ, ಬಿಗಿ ಮಾಡಿ. ಸಡಿಲಿಸಿದಾಗ ಸದ್ದು ಬದಲಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ. ಬದಲಾಗದಿದ್ದರೆ ತಪ್ಪು ಅದರಲ್ಲಿ. ಆ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ತಪ್ಪು ಇಂಜೆಕ್ಟರಿನ ಜೊತೆ ಹೋದರೆ ನಾಜಲ್, ಅಲ್ಲೇ ಉಳಿದರೆ ಪಂಪಿನ ಡೆಲಿವರಿ ವಾಲ್ವ್, ಟ್ಯಾಪೆಟ್ ಅಥವಾ ಕಂಪ್ರೆಷನ್. ಇಲ್ಲಿ ಒಂದು ಎಚ್ಚರಿಕೆ: ನಟ್ ಸಡಿಲಿಸಿದಾಗ ಚಿಮ್ಮುವ ಡೀಸೆಲ್ಲಿಗೆ ಕೈಯನ್ನು ಎಂದೂ ಅಡ್ಡ ಹಿಡಿಯಬೇಡಿ. ಅಷ್ಟು ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಬೆರಳೇ ಹೋಗಬಹುದು. ಹಾಗಾದರೆ ನೋವಿಲ್ಲ ಅಂತ ಸುಮ್ನೆ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಟ್ಟೆ ಸುತ್ತಿ ನಟ್ ಸಡಿಲಿಸಿ, ಚೆಲ್ಲಿದ್ದನ್ನು ಒರೆಸಿ.

ಆಮೇಲೆ ರ‍್ಯಾಕ್. ಎಂಜಿನ್ ನಿಲ್ಲಿಸಿ, ಪಂಪಿನ ಪಕ್ಕದ ಮುಚ್ಚಳ ತೆಗೆಯುವಂಥದ್ದಾದರೆ ತೆಗೆದು, ಸ್ಟಾಪ್ ಲಿವರ್ ಎಳೆದು ಬಿಡಿ. ರ‍್ಯಾಕ್ ಬೆಣ್ಣೆಯ ಹಾಗೆ ಹೋಗಿ ಬರಬೇಕು. ಎಲ್ಲಾದರೂ ತಡೆದರೆ ಏರಿಳಿತಕ್ಕೆ ಕಾರಣ ಸಿಕ್ಕಿತು. ಆ ಸ್ಥಿತಿಯಲ್ಲಿ ಸ್ಟಾರ್ಟ್ ಮಾಡಬೇಡಿ. ರ‍್ಯಾಕ್ ಜಾಸ್ತಿ ಡೀಸೆಲ್ ಕಡೆ ಹಿಡಿದು ನಿಂತರೆ ಎಂಜಿನ್ ಕೈ ಮೀರಿ ಓಡುತ್ತದೆ. ನಾನಂತೂ ಪಂಪಿನ ಕೆಲಸದ ನಂತರ ಮೊದಲ ಸಲ ಸ್ಟಾರ್ಟ್ ಮಾಡುವಾಗ ಏರ್ ಕ್ಲೀನರ್ ತೆಗೆದು, ಗಾಳಿ ಬಾಯಿ ಮುಚ್ಚುವಷ್ಟು ದೊಡ್ಡ ಹಲಗೆ ಹಿಡಿದು ಒಬ್ಬರನ್ನು ಅಲ್ಲೇ ನಿಲ್ಲಿಸುತ್ತೇನೆ. ಕೈಯಿಂದ ಮುಚ್ಚಲು ಹೋಗಬಾರದು. ಪಂಪಿಗೆ ಬೇರೆ ಆಯಿಲ್ ಇರುವ ಮಾದರಿಯಾದರೆ ಅದನ್ನೂ ಬಿಟ್ಟು ನೋಡಿ. ಡೀಸೆಲ್ ಸೇರಿ ನೀರಿನ ಹಾಗೆ ತೆಳ್ಳಗಾಗಿದ್ದರೆ, ಅಥವಾ ಹಳತಾಗಿ ಅಂಟಾಗಿದ್ದರೆ, ಗವರ್ನರಿನ ತೂಕಗಳು ಸರಾಗ ಆಡುವುದಿಲ್ಲ. ಹೊಸ ಆಯಿಲ್ ಹಾಕಿ ಒಂದು ದಿನ ಓಡಿಸಿದ ಮೇಲೆ ತಾನಾಗಿ ಸರಿ ಹೋದದ್ದನ್ನು ನೋಡಿದ್ದೇನೆ.

ಗವರ್ನರಿನ ಹಿಂದೆ ಕೆಲವು ಪಂಪುಗಳಲ್ಲಿ ಇನ್ನೊಂದು ಸಣ್ಣ ಸ್ಕ್ರೂ ಇರುತ್ತದೆ, ಸ್ಲೋದ ಏರಿಳಿತ ಹಿಡಿದು ನಿಲ್ಲಿಸುವ ಸಣ್ಣ ಸ್ಪ್ರಿಂಗಿನದು. ಅದನ್ನು ಜಾಸ್ತಿ ಒಳಗೆ ತಿರುಗಿಸಿದರೆ ಮೇಲಿನ ಸುತ್ತಿನ ಮಿತಿ ಕೂಡ ಕೆಟ್ಟು ಎಂಜಿನ್ ಅತಿ ವೇಗಕ್ಕೆ ಹೋಗಬಹುದು. ಸೀಲ್ ಹಾಕಿದ ಸ್ಕ್ರೂಗಳನ್ನು, ಇದನ್ನು ಕೂಡ, ಪಂಪನ್ನು ಓಡಿಸಿ ಅಳೆಯುವ ಟೆಸ್ಟ್ ಬೆಂಚ್ ಇರುವವರಿಗೇ ಬಿಡಿ. ನಮ್ಮ ಕಡೆ ಈಗಲೂ ಎಲ್ಲರೂ ಮೈಕೋ ಪಂಪ್ ಅಂತಲೇ ಹೇಳುವುದು. 1951ರಲ್ಲಿ ಶುರುವಾದ ಬೆಂಗಳೂರಿನ ಕಂಪನಿ, 2008ರಲ್ಲಿ ಹೆಸರು ಬಾಷ್ ಅಂತ ಆಯಿತು. ಹಳೆ ಮೈಕೋ ತಗಡು ಇರುವ ಪಂಪಿನ ನಂಬರನ್ನು ಪೂರ್ತಿ ಬರೆದುಕೊಂಡು ಹೋಗಿ. ಬೆಂಚಿನಲ್ಲಿ ಯಾವ ಅಳತೆಗೆ ಕೂರಿಸಬೇಕು ಅನ್ನುವುದು ಆ ನಂಬರಿನಿಂದಲೇ ಗೊತ್ತಾಗುವುದು.

ಗೇರ್ ಹಾಕಿದಾಗ ಬಂದ್ ಆಗುವುದನ್ನು ಬೇರೆಯಾಗಿ ನೋಡಬೇಕು. ಎಂಜಿನ್ ಬಂದ್ ಮಾಡಿ, ಗೇರ್ ನ್ಯೂಟ್ರಲ್ಲಿನಲ್ಲಿಟ್ಟು, ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಯಾರೂ ಸ್ಟಾರ್ಟ್ ಮಾಡದ ಹಾಗೆ ಮೊದಲು ಬ್ಯಾಟರಿ ತೆಗೆದಿಡಿ. ಭಾರ ಅನಿಸಿದರೆ, ಶಾಫ್ಟ್ ಬೋಟಿನಿಂದ ಹೊರಗೆ ಹೋಗುವಲ್ಲಿ ನೀರು ತಡೆಯುವ ಗ್ಲ್ಯಾಂಡ್ ಪ್ಯಾಕಿಂಗ್ ಜಾಸ್ತಿ ಬಿಗಿಯಾಗಿದೆ, ಇಲ್ಲವೇ ಪ್ರೊಪೆಲ್ಲರಿಗೆ ಹಳೆ ಬಲೆಯೋ ಹಗ್ಗವೋ ಸುತ್ತಿದೆ. ರಜೆಗೆ ಬೋಟು ಕಟ್ಟುವಾಗ ನೀರು ಸೋರದಿರಲಿ ಅಂತ ಗ್ಲ್ಯಾಂಡ್ ಬಿಗಿ ಮಾಡಿ, ಆಮೇಲೆ ಸಡಿಲಿಸಲು ಮರೆಯುವುದು ತುಂಬ ಕಡೆ ಆಗುತ್ತದೆ. ಓಡುವಾಗ ಅಲ್ಲಿಂದ ಆಗಾಗ ಒಂದು ಹನಿ ನೀರು ಬೀಳಬೇಕು. ಕೈ ಇಟ್ಟರೆ ಬಿಸಿ ಅನಿಸಬಾರದು, ಆದರೆ ಶಾಫ್ಟ್ ನಿಂತ ಮೇಲೆ ಮುಟ್ಟಿ ನೋಡಿ. ಒಬ್ಬ ಹುಡುಗ ಮುಳುಗಿ ಪ್ರೊಪೆಲ್ಲರ್ ನೋಡಿ ಬಂದರೂ ಅರ್ಧ ಅನುಮಾನ ಮುಗಿಯುತ್ತದೆ. ಆಗಲೂ ಬ್ಯಾಟರಿ ಜೋಡಿಸಿರಬಾರದು.

ಇನ್ನೂ ಒಂದು. ಹಳೆ ಬೋಟುಗಳಲ್ಲಿ ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾಗುವ ತನಕ ತಣ್ಣೀರು ತಡೆಯುವ ವಾಲ್ವ್) ತೆಗೆದು ಬಿಸಾಡಿರುತ್ತಾರೆ, ಬಿಸಿಯಾಗಬಾರದು ಅಂತ. ಆಗ ಸ್ಲೋದಲ್ಲಿ ಎಂಜಿನ್ ಬಿಸಿಯೇ ಆಗುವುದಿಲ್ಲ, ಬಿಳಿ ಹೊಗೆ ಬರುತ್ತದೆ, ಒಂದೆರಡು ಸಿಲಿಂಡರ್ ಸರಿಯಾಗಿ ಉರಿಯುವುದಿಲ್ಲ. ನಿಮ್ಮ ಹೊಗೆಯ ಬಣ್ಣ ನೀವು ಬರೆದಿಲ್ಲ. ಬಿಳಿ ಇದ್ದು, ಲೋಡಿನಲ್ಲಿ ಅರ್ಧ ಗಂಟೆ ಓಡಿಸಿದ ಮೇಲೆ ಹೋಗುತ್ತದೆ ಅಂದರೆ ಥರ್ಮೋಸ್ಟ್ಯಾಟ್ ಇದೆಯಾ ನೋಡಿ.

ಸ್ಲೋ ಸ್ಕ್ರೂ ಮುಟ್ಟುವುದು ಇದೆಲ್ಲ ಆದ ಮೇಲೆ. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಬೋಟನ್ನು ದಕ್ಕೆಗೆ ಎರಡೂ ಕಡೆ ಗಟ್ಟಿಯಾಗಿ ಕಟ್ಟಿರಬೇಕು. ನಿಮ್ಮ ಎಂಜಿನ್ ಪುಸ್ತಕದಲ್ಲಿ ಹೇಳಿದ ಸುತ್ತಿಗೆ ನ್ಯೂಟ್ರಲ್ಲಿನಲ್ಲಿ ಕೂರಿಸಿ, ಮುಂದಿನ ಗೇರ್, ಹಿಂದಿನ ಗೇರ್ ಹಾಕಿ ತೆಗೆದು, ಹತ್ತು ಸಲವೂ ನಿಲ್ಲದೆ ಓಡಿದರೆ ಲಾಕ್ ನಟ್ ಬಿಗಿ ಮಾಡಿ. ಆಯಿಲ್ ಪ್ರೆಷರ್ ಮೀಟರನ್ನೂ ಒಮ್ಮೆ ನೋಡಿ.

ನಾಳೆ ಕೇಬಲ್ ಮತ್ತು ಕ್ಯಾನ್, ಎರಡೇ ಮಾಡಿ. ರಿಟರ್ನ್ ಪೈಪಿನ ಹತ್ತಿರ ಮೊಬೈಲ್ ಹಿಡಿದು ಒಂದು ನಿಮಿಷದ ವಿಡಿಯೋ ಇಲ್ಲಿ ಹಾಕಿ, ಎಂಜಿನ್ ಸದ್ದೂ ಕೇಳುವ ಹಾಗೆ. ಹೊಗೆಯ ಬಣ್ಣ, ಪಂಪಿನ ತಗಡಿನ ನಂಬರ್ ಕೂಡ ಬರೆಯಿರಿ. ಸಂಜೆ ದಕ್ಕೆಯಿಂದ ಬಂದ ಮೇಲೆ ನೋಡುತ್ತೇನೆ.