ರೀಪರ್‌ನಲ್ಲಿ ಸೇವ್ ಮಾಡುವ ಮೊದಲೇ ಕರೆಂಟ್ ಹೋಯಿತು. ರೆಕಾರ್ಡ್ ಮಾಡಿದ್ದು ಮರಳಿ ಸಿಗುತ್ತದೆಯೇ?

ನೀವು ಬರೆದಿರುವ ಪ್ರಕಾರ, ಮನೆಯಲ್ಲಿ ರೀಪರ್ ತಂತ್ರಾಂಶದಲ್ಲಿ ಒಂದು ಭಾವಗೀತೆಗೆ ಹಾಡುಗಾರಿಕೆ, ಹಾರ್ಮೋನಿಯಂ ಮತ್ತು ತಬಲಾ ರೆಕಾರ್ಡ್ ಮಾಡುತ್ತಿದ್ದಿರಿ. ಮೂರು ಗಂಟೆಯ ಕೆಲಸವಾದ ಮೇಲೆ ಕರೆಂಟ್ ಹೋಯಿತು. ಪ್ರಾಜೆಕ್ಟಿಗೆ ಅಲ್ಲಿಯವರೆಗೆ ಹೆಸರನ್ನೇ ಕೊಟ್ಟಿರಲಿಲ್ಲ. ಈಗ ತೆರೆದರೆ ಖಾಲಿ ಪರದೆ ಬರುತ್ತಿದೆ, ಹಾಡಿದವರು ಊರಿಗೆ ಹೊರಟುಹೋಗಿದ್ದಾರೆ. ಹಾಡಿದವರನ್ನು ಮತ್ತೆ ಕರೆಸುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ರೆಕಾರ್ಡಿಂಗ್ ಇನ್ನೂ ಆ ಕಂಪ್ಯೂಟರಿನಲ್ಲೇ ಇರುವ ಸಾಧ್ಯತೆ ಬಹಳ ಹೆಚ್ಚು.

ರೆಕಾರ್ಡ್ ಗುಂಡಿ ಒತ್ತಿದ ಕ್ಷಣದಿಂದಲೇ ಧ್ವನಿಯು ವೇವ್ ಫೈಲ್ ಆಗಿ ನೇರವಾಗಿ ಡಿಸ್ಕಿಗೆ ಇಳಿಯುತ್ತಾ ಹೋಗುತ್ತದೆ. ಅದಕ್ಕೂ ನಾವು ಸೇವ್ ಮಾಡುವುದಕ್ಕೂ ಸಂಬಂಧವಿಲ್ಲ. ಸೇವ್ ಮಾಡಿದಾಗ ಉಳಿಯುವುದು ಆ ಫೈಲ್‌ಗಳಲ್ಲಿ ಯಾವುದು ಯಾವ ಟ್ರ್ಯಾಕಿನಲ್ಲಿ, ಎಷ್ಟನೆಯ ಸೆಕೆಂಡಿನಲ್ಲಿ ಕೂರಬೇಕು, ಎಲ್ಲಿ ಕತ್ತರಿಸಿದ್ದೇವೆ, ಯಾವ ಎಫೆಕ್ಟ್ ಹಾಕಿದ್ದೇವೆ ಎಂಬ ವಿವರ ಮಾತ್ರ. ಹಾಗಾಗಿ ನೀವು ಕಳೆದುಕೊಂಡಿರುವುದು ಜೋಡಣೆಯನ್ನು, ಹಾಡನ್ನಲ್ಲ. ಕೀಬೋರ್ಡಿನಿಂದ ನುಡಿಸಿದ ಮಿಡಿ ಸ್ವರಗಳಿಗೆ (ಧ್ವನಿಯಲ್ಲ, ಯಾವ ಸ್ವರ ಯಾವಾಗ ಒತ್ತಿದೆವೆಂಬ ಮಾಹಿತಿಯಷ್ಟೇ) ಮಾತ್ರ ಈ ಸಮಾಧಾನ ಹೇಳಲಾರೆ, ಏಕೆಂದರೆ ಅವು ಸಾಮಾನ್ಯವಾಗಿ ಪ್ರಾಜೆಕ್ಟ್ ಫೈಲಿನ ಒಳಗೇ ಇರುತ್ತವೆ. ನಿಮ್ಮದು ಮೈಕಿನ ಕೆಲಸವಾದ್ದರಿಂದ ಬಚಾವಾಗಿದ್ದೀರಿ ಎಂದು ನನ್ನ ನಂಬಿಕೆ.

ವಿಂಡೋಸ್‌ನಲ್ಲಾದರೆ ಡಾಕ್ಯುಮೆಂಟ್ಸ್ ಒಳಗೆ ‘ರೀಪರ್ ಮೀಡಿಯಾ’ ಎಂಬ ಫೋಲ್ಡರ್ ಇದೆಯೇ ನೋಡಿ. ಹೆಸರಿಡದ ಪ್ರಾಜೆಕ್ಟಿನ ರೆಕಾರ್ಡಿಂಗ್‌ಗಳು ಬೀಳುವ ಜಾಗ ಅದು. ಅಲ್ಲಿ ಸಿಗದಿದ್ದರೆ ಇಡೀ ಡಿಸ್ಕಿನಲ್ಲಿ ವೇವ್ ಫೈಲ್‌ಗಳನ್ನು ಹುಡುಕಿ, ದಿನಾಂಕದ ಪ್ರಕಾರ ಜೋಡಿಸಿಕೊಳ್ಳಿ. ಫೈಲಿನ ಹೆಸರಿನಲ್ಲಿ ಟ್ರ್ಯಾಕ್ ಸಂಖ್ಯೆಯ ಜೊತೆಗೆ ದಿನಾಂಕ ಮತ್ತು ಸಮಯವೂ ಸೇರಿರುವುದರಿಂದ ಯಾವುದು ಮೊದಲ ಟೇಕ್ (ಒಂದು ಸಲದ ರೆಕಾರ್ಡಿಂಗ್), ಯಾವುದು ನಂತರದ್ದು ಎಂಬುದು ತಿಳಿಯುತ್ತದೆ. ಸಿಕ್ಕಿದ ಎಲ್ಲವನ್ನೂ ಮೊದಲು ಒಂದು ಪೆನ್ ಡ್ರೈವಿಗೆ ನಕಲು ಮಾಡಿ, ಮೂಲವನ್ನು ಮುಟ್ಟಬೇಡಿ. ಆಮೇಲೆ ಹೊಸ ಪ್ರಾಜೆಕ್ಟಿಗೆ ಹೆಸರಿಟ್ಟು ಸೇವ್ ಮಾಡಿ, ಫೈಲ್‌ಗಳನ್ನು ಬೇರೆಬೇರೆ ಟ್ರ್ಯಾಕುಗಳಿಗೆ ಎಳೆದು ತಂದು, ಆಕ್ಷನ್ ಪಟ್ಟಿಯಲ್ಲಿ ‘ಮೂವ್ ಟು ಸೋರ್ಸ್ ಪ್ರಿಫರ್ಡ್ ಪೊಸಿಷನ್’ ಎಂಬ ಆಜ್ಞೆಯನ್ನು ಹುಡುಕಿ ಕೊಡಿ. ರೆಕಾರ್ಡ್ ಆದಾಗ ಟೈಮ್‌ಲೈನಿನಲ್ಲಿ ಎಲ್ಲಿ ಶುರುವಾಯಿತು ಎಂಬ ಗುರುತು ವೇವ್ ಫೈಲಿನ ಒಳಗೆ ಬರೆದಿದ್ದರೆ, ಹಾರ್ಮೋನಿಯಂ, ತಬಲಾ, ಧ್ವನಿ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. ಕರೆಂಟ್ ಹೋದ ಕ್ಷಣದಲ್ಲಿ ನಡೆಯುತ್ತಿದ್ದ ಟೇಕಿನ ಫೈಲ್ ಮಾತ್ರ ತೆರೆಯದೆ ಸತಾಯಿಸಬಹುದು, ಏಕೆಂದರೆ ಅದರ ಉದ್ದ ಎಷ್ಟು ಎಂಬ ಲೆಕ್ಕ ಫೈಲಿನ ತಲೆಭಾಗದಲ್ಲಿ ಸರಿಯಾಗಿ ದಾಖಲಾಗಿರುವುದಿಲ್ಲ. ಅಂಥದ್ದನ್ನು ಆಡಾಸಿಟಿ ಎಂಬ ಇನ್ನೊಂದು ಆಡಿಯೋ ತಂತ್ರಾಂಶದಲ್ಲಿ ‘ರಾ ಡೇಟಾ’ ಎಂದು ಇಂಪೋರ್ಟ್ ಮಾಡಿ, ನೀವು ರೆಕಾರ್ಡ್ ಮಾಡಿದ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆದಿದೆ), ಬಿಟ್ ಸಂಖ್ಯೆ (ಪ್ರತಿ ಅಳತೆ ಎಷ್ಟು ಸೂಕ್ಷ್ಮ) ಮತ್ತು ಚಾನೆಲ್ ಸಂಖ್ಯೆಯನ್ನು ಸರಿಯಾಗಿ ಕೊಟ್ಟರೆ, ಆರಂಭದಲ್ಲಿ ಚಿಕ್ಕದೊಂದು ಕರಕರ ಸದ್ದು ಬಂದು, ಮುಂದೆ ಹಾಡು ಕೇಳಿಸಬಹುದು.

ಹುಡುಕುವುದಕ್ಕೆ ಮೊದಲೇ ಕೈಚೆಲ್ಲಬೇಡಿ ಎಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ನಾಟಕಕ್ಕಾಗಿ ಮಂಡ್ಯದ ಕಡೆಯ ಅಜ್ಜಿಯೊಬ್ಬರನ್ನು ಮೈಸೂರಿನ ನಮ್ಮ ಮನೆಗೆ ಕರೆಸಿ ಬೀಸುವ ಪದಗಳನ್ನು ಹಾಡಿಸಿದ್ದೆ. ಸದ್ದಾಗದಿರಲೆಂದು ಫ್ಯಾನ್ ಆರಿಸಿ, ಕಿಟಕಿಗೆ ಕಂಬಳಿ ಹೊದಿಸಿ, ನಾಲ್ಕು ಪದ ಮುಗಿಸಿದ್ದೆವು. ಐದನೆಯದರ ನಡುವೆ ಕರೆಂಟ್ ಹೋಗಿ ಕಂಪ್ಯೂಟರ್ ಮರುಚಾಲೂ ಆಯಿತು, ಪರದೆ ಖಾಲಿಯಾಗಿತ್ತು. ನನ್ನ ಮುಖ ನೋಡಿ ಅಜ್ಜಿಯೇ, “ಕರೆಂಟ್ ಹೋದ್ರೆ ಪದ ಎಲ್ಲೋದದು ಮಗ, ಇನ್ನೊಂದ್ ಕಿತ ಹೇಳ್ತೀನಿ ಬುಡು” ಎಂದು ಸಮಾಧಾನ ಹೇಳಿ, ಎಲ್ಲವನ್ನೂ ಮತ್ತೆ ಹಾಡಿದರು. ಆದರೆ ಮೊದಲ ಸಲ ತವರಿನ ದಾರಿಯನ್ನು ಕುರಿತು ಬಂದಿದ್ದ ಎರಡು ನುಡಿಗಳು ಎರಡನೆಯ ಸಲ ಬರಲಿಲ್ಲ. ನೆನಪಿಸಿದರೂ ಅವರಿಗೆ ಹೊಳೆಯಲಿಲ್ಲ. ಮೂರು ದಿನದ ನಂತರ ಬೇರೇನನ್ನೋ ಹುಡುಕುವಾಗ ಆ ಮೊದಲ ನಾಲ್ಕೂ ಪದಗಳು ಡಾಕ್ಯುಮೆಂಟ್ಸ್ ಒಳಗೆ, ಹೆಸರಿನಲ್ಲೇ ದಿನಾಂಕ ಹೊತ್ತು ಕೂತಿದ್ದವು. ಆ ಮಧ್ಯಾಹ್ನ ನಾನು ಹತ್ತು ನಿಮಿಷ ಹುಡುಕಿದ್ದರೆ ಎಪ್ಪತ್ತು ದಾಟಿದ ಆ ಜೀವಕ್ಕೆ ಅಷ್ಟು ಆಯಾಸ ಕೊಡುತ್ತಿರಲಿಲ್ಲ.

ಇನ್ನು ಮುಂದಿನ ಎಚ್ಚರಿಕೆಯ ಬಗ್ಗೆಯೂ ಕೇಳಿದ್ದೀರಿ. ಮೈಕ್ ಸಿಕ್ಕಿಸುವ ಮೊದಲೇ ಪ್ರಾಜೆಕ್ಟಿಗೆ ಹೆಸರಿಡಿ. ರೀಪರ್‌ನ ಪ್ರಿಫರೆನ್ಸಸ್‌ನಲ್ಲಿ, ಪ್ರಾಜೆಕ್ಟ್ ಎಂಬ ಭಾಗದಲ್ಲಿ, ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ ಸೇವ್ ಮಾಡಲು ಕೇಳುವ ಆಯ್ಕೆ ಇದೆ. ಅದನ್ನು ಚಾಲೂ ಮಾಡಿದರೆ ಮರೆಯುವ ಪ್ರಶ್ನೆಯೇ ಬರುವುದಿಲ್ಲ. ಸೇವ್ ಮಾಡುವಾಗ ಪ್ರಾಜೆಕ್ಟಿಗೆ ಪ್ರತ್ಯೇಕ ಫೋಲ್ಡರ್ ಮಾಡುವ ಮತ್ತು ಎಲ್ಲ ಆಡಿಯೋವನ್ನು ಅದರೊಳಗೆ ನಕಲು ಮಾಡುವ ಎರಡೂ ಚೌಕಗಳಿಗೆ ಟಿಕ್ ಹಾಕಿ. ಇದು ಕಡ್ಡಾಯವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಒಮ್ಮೆ ಎರಡು ಹಾಡುಗಳನ್ನು ಒಂದೇ ಫೋಲ್ಡರಿನಲ್ಲಿಟ್ಟು, ಬಳಕೆಯಾಗದ ಫೈಲ್‌ಗಳನ್ನು ಅಳಿಸುವ ಆಜ್ಞೆಯನ್ನು ಒಂದು ಹಾಡಿನಿಂದ ಕೊಟ್ಟಾಗ, ಇನ್ನೊಂದು ಹಾಡಿನ ತಬಲಾ ಪೂರ್ತಿ ಅಳಿದುಹೋಯಿತು. ತಪ್ಪು ಸಂಪೂರ್ಣ ನನ್ನದೇ. ಎಸ್‌ಎಸ್‌ಡಿಯಲ್ಲಿ ಹೀಗೆ ಅಳಿಸಿದ್ದು ಬಹುತೇಕ ಮರಳಿ ಸಿಗುವುದಿಲ್ಲ, ಏಕೆಂದರೆ ಅಳಿಸಿದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆಯು ಬೇಗನೆ ಬರಿದು ಮಾಡುತ್ತದೆ.

ಅದೇ ಭಾಗದಲ್ಲಿ, ಇಷ್ಟಿಷ್ಟು ನಿಮಿಷಕ್ಕೊಮ್ಮೆ ಸಮಯದ ಗುರುತು ಹಾಕಿ ಬೇರೊಂದು ಫೋಲ್ಡರಿನಲ್ಲಿ ಪ್ರತಿ ಉಳಿಸುವ ಆಟೋಸೇವ್ ಕೂಡ ಇದೆ; ನಾನು ಐದು ನಿಮಿಷಕ್ಕೆ ಇಟ್ಟಿದ್ದೇನೆ. ರೀಪರ್‌ನ ಪ್ರಾಜೆಕ್ಟ್ ಫೈಲ್ ಬರಿಯ ಪಠ್ಯವಾದ್ದರಿಂದ, ನೋಟ್‌ಪ್ಯಾಡಿನಲ್ಲಿಯೂ ತೆರೆಯಬಹುದಾದ್ದರಿಂದ, ಇಂಥ ನೂರು ಪ್ರತಿಗಳೂ ಡಿಸ್ಕಿಗೆ ಭಾರವಲ್ಲ. ಭಾರವಿರುವುದು ಆಡಿಯೋದಲ್ಲಿ: 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ ತೆಗೆದುಕೊಳ್ಳುತ್ತದೆ. ಹನ್ನೆರಡು ಟ್ರ್ಯಾಕುಗಳ ಆರು ನಿಮಿಷದ ಹಾಡು, ಹೆಚ್ಚುವರಿ ಟೇಕುಗಳನ್ನು ಬಿಟ್ಟು, ಸುಮಾರು 620 ಎಂಬಿ ಆಗುತ್ತದೆ. ಬೇರೆ ತಂತ್ರಾಂಶಕ್ಕೆ ಹೋದರೂ ಇದೇ ಬಗೆಯ ಅನುಕೂಲಗಳಿವೆ: ಏಬಲ್ಟನ್ ಲೈವ್ ತನ್ನ ಬ್ಯಾಕಪ್ ಫೋಲ್ಡರಿನಲ್ಲಿ ಹಿಂದಿನ ಹತ್ತು ಪ್ರತಿಗಳನ್ನು ಇಟ್ಟುಕೊಳ್ಳುತ್ತದೆ, ಕ್ಯೂಬೇಸ್ ಮತ್ತು ಪ್ರೋ ಟೂಲ್ಸ್ ಕೂಡ ಬ್ಯಾಕಪ್ ಪ್ರತಿಗಳನ್ನು ಮಾಡುತ್ತವೆ.

ಆಟೋಸೇವ್ ಬೇರೆ, ಬ್ಯಾಕಪ್ ಬೇರೆ. ಡಿಸ್ಕ್ ಕೆಟ್ಟರೆ ಮೂಲ ಪ್ರಾಜೆಕ್ಟ್ ಮತ್ತು ಅದೇ ಡಿಸ್ಕಿನಲ್ಲಿರುವ ಆಟೋಸೇವ್ ಪ್ರತಿ ಎರಡೂ ಒಟ್ಟಿಗೆ ಹೋಗುತ್ತವೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ನಿಯಮ ನಮಗೂ ಸಾಕು: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದಂತೂ ಮನೆಯ ಹೊರಗೆ. ನನ್ನ ಮಟ್ಟಿಗೆ ಅದು ಕಂಪ್ಯೂಟರ್, ರಾತ್ರಿ ನಕಲು ಮಾಡಿ ಕಳಚಿಡುವ ಹೊರಗಿನ ಹಾರ್ಡ್ ಡಿಸ್ಕ್, ತಂಗಿಯ ಮನೆಯ ಬೀರುವಿನಲ್ಲಿರುವ ಇನ್ನೊಂದು ಡಿಸ್ಕ್. ಕ್ಲೌಡ್ ಫೋಲ್ಡರನ್ನು ಮಾತ್ರವೇ ನಂಬಬೇಡಿ: ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಅದರ ಕಸದ ಬುಟ್ಟಿಯಲ್ಲಿ ಕೆಲವು ಕಾಲವಷ್ಟೇ ಉಳಿಯುತ್ತದೆ. ಹಾಡು ಮುಗಿದ ಮೇಲೆ ಪ್ರತಿ ಟ್ರ್ಯಾಕನ್ನೂ ಸೊನ್ನೆಯ ಸೆಕೆಂಡಿನಿಂದ ಆರಂಭಿಸಿ ವೇವ್ ಫೈಲ್ ಆಗಿ ಹೊರತೆಗೆದಿಡಿ. ಎಫೆಕ್ಟ್ ಕೊಡುವ ಪ್ಲಗಿನ್ ಮುಂದೊಂದು ದಿನ ಓಡದೆ ಹೋದರೂ ಈ ಫೈಲ್‌ಗಳು ಯಾವ ತಂತ್ರಾಂಶದಲ್ಲಿಯೂ ತೆರೆಯುತ್ತವೆ.

ಕರೆಂಟಿನ ವಿಷಯದಲ್ಲಿ, ಮನೆಗೆ ಇನ್ವರ್ಟರ್ ಇದೆಯೆಂದು ಧೈರ್ಯವಾಗಿರಬೇಡಿ. ಲೈಟು, ಫ್ಯಾನಿಗೆ ಸಾಲುವ ವೇಗದಲ್ಲಿ ಅದು ಬದಲಾಯಿಸಿಕೊಂಡರೆ ಡೆಸ್ಕ್‌ಟಾಪ್ ಆ ಕ್ಷಣದಲ್ಲಿ ಆರಿಬಿಡುತ್ತದೆ. ನನಗೆ ಆದದ್ದೂ ಅದೇ. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದಕ್ಕೆ ಹಾಕಿ, ಇಲ್ಲವೇ ಕಂಪ್ಯೂಟರಿಗೆಂದೇ ಚಿಕ್ಕ ಯುಪಿಎಸ್ ಕೊಳ್ಳಿ. ಸೇವ್ ಮಾಡಿ ಮುಚ್ಚಲು ಐದು ನಿಮಿಷ ಸಿಕ್ಕರೆ ಸಾಕು.

ಈಗ ಮೊದಲು ಆ ಫೋಲ್ಡರನ್ನು ನೋಡಿ. ಸಿಕ್ಕಿದ ಫೈಲ್‌ಗಳ ಹೆಸರು ಮತ್ತು ಗಾತ್ರವನ್ನು ಇಲ್ಲಿ ಬರೆಯಿರಿ. ತೆರೆಯದ ಫೈಲ್ ಯಾವುದಾದರೂ ಇದ್ದರೆ ರೆಕಾರ್ಡ್ ಮಾಡಿದ ಸ್ಯಾಂಪಲ್ ರೇಟ್ ಕೂಡ ತಿಳಿಸಿ, ಅದನ್ನು ತೆರೆಯುವ ಬಗೆಯನ್ನು ಹಂತಹಂತವಾಗಿ ಬರೆದು ತಿಳಿಸುತ್ತೇನೆ.