ವಿದೇಶಕ್ಕೆ ಹೊರಡುವಾಗ ಟ್ರಸ್ಟಿನ ಸಪ್ರೆಸರ್ ಮತ್ತು ಗಿಡ್ಡ ನಳಿಗೆಯ ರೈಫಲ್ ಯಾರ ವಶದಲ್ಲಿರಬೇಕು?

ನಮಸ್ಕಾರ ಸರ್. ಟೆಕ್ಸಾಸ್‌ನ ಮನೆಯನ್ನು ಬಾಡಿಗೆಗೆ ಕೊಟ್ಟು ಪತ್ನಿಯೊಂದಿಗೆ ನಾಲ್ಕು ವರ್ಷದ ಮಟ್ಟಿಗೆ ಬೆಂಗಳೂರಿಗೆ ಹೊರಟಿದ್ದೀರಿ. ನೀವಿಬ್ಬರೇ ಟ್ರಸ್ಟಿಗಳಾಗಿರುವ ಟ್ರಸ್ಟಿನ ಹೆಸರಿನಲ್ಲಿರುವ ಸಪ್ರೆಸರ್ (ಬಂದೂಕಿನ ಶಬ್ದ ತಗ್ಗಿಸುವ ಉಪಕರಣ) ಮತ್ತು ಗಿಡ್ಡ ನಳಿಗೆಯ ರೈಫಲನ್ನು ಡಲ್ಲಾಸ್‌ನಲ್ಲಿ ಎಚ್-1ಬಿ ವೀಸಾದ ಮೇಲಿರುವ ಭಾವಮೈದನ ತಿಜೋರಿಯಲ್ಲಿ ಇಟ್ಟು ಹೋಗಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಇಡಬೇಡಿ.

1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಪ್ರಕಾರ ಇವೆರಡೂ ಟ್ರಸ್ಟಿನ ಹೆಸರಿಗೆ ನೋಂದಣಿಯಾಗಿವೆ. ಟ್ರಸ್ಟ್ ಎಂಬುದು ಕಾಗದದ ಮೇಲಿನ ವ್ಯವಸ್ಥೆಯಾದ್ದರಿಂದ ಅದರ ಪರವಾಗಿ ವಸ್ತುವನ್ನು ವಶದಲ್ಲಿ ಇಟ್ಟುಕೊಳ್ಳುವ ಅಧಿಕಾರ ಟ್ರಸ್ಟಿಗಳಿಗೆ ಮಾತ್ರ ಇರುತ್ತದೆ. ಟ್ರಸ್ಟಿಯಲ್ಲದವರು ನಿಮ್ಮ ಗೈರುಹಾಜರಿಯಲ್ಲಿ ತಿಜೋರಿ ತೆರೆಯಬಲ್ಲರಾದರೆ, ಅವರು ಅದನ್ನು ಒಮ್ಮೆಯೂ ತೆರೆಯದಿದ್ದರೂ, ಅನುಮತಿಯಿಲ್ಲದೆ ಹಸ್ತಾಂತರ ಮಾಡಿದ ಆರೋಪಕ್ಕೆ ದಾರಿಯಾಗುತ್ತದೆ. ಇದಕ್ಕೆ ಹತ್ತು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಅದಕ್ಕೂ ಮಿಗಿಲಾಗಿ, ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕನ್ನೇ ಹೊಂದುವಂತಿಲ್ಲ. ಬೇಟೆಯ ಪರವಾನಗಿ ಇದ್ದವರಿಗೆ ವಿನಾಯಿತಿ ಉಂಟು, ಆದರೆ ಅದರ ಅವಧಿ ಮುಗಿದ ದಿನವೇ ಅವರು ಅಪರಾಧಿಯಾಗುತ್ತಾರೆ. ಮನೆಯ ಹುಡುಗನ ವೀಸಾವನ್ನೂ ಭವಿಷ್ಯವನ್ನೂ ಇಂಥ ಎಳೆಯೊಂದಕ್ಕೆ ನೇತುಹಾಕುವುದು ನನಗಂತೂ ಸರಿಯೆನಿಸುವುದಿಲ್ಲ.

ನಿಮ್ಮ ಊರಿನಲ್ಲೇ ಇರುವ, ಅಮೆರಿಕದ ಪೌರರಾದ ಅಥವಾ ಗ್ರೀನ್ ಕಾರ್ಡ್ ಹೊಂದಿರುವ, ಬಂದೂಕು ಹೊಂದಲು ಕಾನೂನಿನ ಅಡ್ಡಿಯಿಲ್ಲದ ನಂಬಿಕಸ್ಥ ಗೆಳೆಯರೊಬ್ಬರನ್ನು ಸಹ ಟ್ರಸ್ಟಿಯಾಗಿ ಸೇರಿಸಿಕೊಳ್ಳುವುದೇ ಸರಿಯಾದ ದಾರಿ. 2016ರ ಜುಲೈ 13ರಿಂದ ಹೊಸ ಅರ್ಜಿ ಹಾಕುವಾಗ ಟ್ರಸ್ಟಿನ ಪ್ರತಿಯೊಬ್ಬ ಹೊಣೆಗಾರರ ಬೆರಳಚ್ಚು ಮತ್ತು ಭಾವಚಿತ್ರ ಕೊಡಬೇಕು. ಆದರೆ ಈಗಾಗಲೇ ಮಂಜೂರಾಗಿರುವ ವಸ್ತುಗಳ ಟ್ರಸ್ಟಿಗೆ ಹೊಸಬರನ್ನು ಸೇರಿಸಿದರೆ, ಮುಂದಿನ ಅರ್ಜಿಯವರೆಗೆ ಬಂದೂಕು ಕಾನೂನನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಾದ ಎ.ಟಿ.ಎಫ್.ಗೆ ಏನನ್ನೂ ಸಲ್ಲಿಸಬೇಕಾಗಿಲ್ಲ. ತಿದ್ದುಪಡಿಯನ್ನು ಮಾತ್ರ ಟ್ರಸ್ಟ್ ಪತ್ರ ಹೇಳುವ ಕ್ರಮದಲ್ಲೇ, ಅದನ್ನು ಬರೆದುಕೊಟ್ಟ ವಕೀಲರಿಂದ ಮಾಡಿಸಿ. ಫಲಾನುಭವಿ ಎಂದು ಹೆಸರು ಸೇರಿಸಿದರೆ ಸಾಲದು, ಫಲಾನುಭವಿಗೆ ವಸ್ತುವನ್ನು ವಶದಲ್ಲಿ ಇಟ್ಟುಕೊಳ್ಳುವ ಅಧಿಕಾರವಿಲ್ಲ.

ಗೆಳೆಯರೊಬ್ಬರು ಜರ್ಮನಿಗೆ ಹೋದಾಗ ನಾನೇ ಹೀಗೆ ಸಹ ಟ್ರಸ್ಟಿಯಾದೆ. ಅವರು ಹೊರಡುವ ಹಿಂದಿನ ವಾರ ಊಟದ ಮೇಜಿನ ಮೇಲೆ ದೀಪ ಹತ್ತಿರ ಎಳೆದುಕೊಂಡು, ಸಪ್ರೆಸರ್ ಮೇಲೆ ಕೊರೆದಿದ್ದ ಕ್ರಮಸಂಖ್ಯೆಯನ್ನು ಮಂಜೂರಾದ ಫಾರ್ಮ್ 4ರ (ಹಸ್ತಾಂತರಕ್ಕೆ ಅನುಮತಿ ಕೋರುವ ಅರ್ಜಿ) ಜೊತೆಗೂ ಟ್ರಸ್ಟಿನ ಆಸ್ತಿಪಟ್ಟಿಯ ಜೊತೆಗೂ ಒಂದೊಂದೇ ಅಕ್ಷರ ತಾಳೆ ನೋಡಿದೆವು. ಲೋಹದ ಮೇಲೂ ಫಾರ್ಮಿನಲ್ಲೂ ‘8’ ಎಂದಿದ್ದದ್ದು ಆಸ್ತಿಪಟ್ಟಿಯಲ್ಲಿ ‘ಬಿ’ ಆಗಿತ್ತು. ಅವರು ಊರಿನಲ್ಲಿದ್ದುದರಿಂದ ಅಂದೇ ತಿದ್ದಿ ಸಹಿ ಹಾಕಿದರು. ಈ ಕೆಲಸವನ್ನು ನೀವೂ ತಪ್ಪದೆ ಮಾಡಿ. ಮಂಜೂರಾತಿಯ ಪ್ರತಿ, ಟ್ರಸ್ಟ್ ಪತ್ರ ಮತ್ತು ತಿದ್ದುಪಡಿಯ ಪ್ರತಿಗಳು ವಸ್ತುವಿನ ಜೊತೆಯಲ್ಲೇ ಇರಲಿ. ತಿಜೋರಿಯ ಸಂಖ್ಯೆ ಸಹ ಟ್ರಸ್ಟಿಗೆ ಮಾತ್ರ ಗೊತ್ತಿರಲಿ, ಅವರ ಮನೆಯವರಿಗೂ ಬೇಡ.

ರೈಫಲಿಗೆ ಇನ್ನೊಂದು ಉಪಾಯವಿದೆ. ಅದಕ್ಕೆ 16 ಇಂಚು ಅಥವಾ ಅದಕ್ಕಿಂತ ಉದ್ದದ ನಳಿಗೆ ಜೋಡಿಸಿದರೆ, ಒಟ್ಟು ಉದ್ದ 26 ಇಂಚಿಗೆ ಕಡಿಮೆಯಾಗದಿದ್ದರೆ, ಆ ರೂಪದಲ್ಲಿ ಇರುವವರೆಗೆ ಅದು 1934ರ ಕಾಯ್ದೆಯ ನಿರ್ಬಂಧಕ್ಕೆ ಒಳಪಡದ ಸಾಮಾನ್ಯ ರೈಫಲ್. ಬಿಚ್ಚಿದ ಗಿಡ್ಡ ನಳಿಗೆಯನ್ನು ಅದೇ ತಿಜೋರಿಯಲ್ಲಿ ಬಿಡಬೇಡಿ. ಸಹ ಟ್ರಸ್ಟಿ ಬೇರೆ ರಾಜ್ಯದವರಾದರೆ, ಗಿಡ್ಡ ನಳಿಗೆಯ ರೈಫಲನ್ನು ಗಡಿ ದಾಟಿಸುವ ಮೊದಲೇ ಫಾರ್ಮ್ 5320.20ಕ್ಕೆ ಅನುಮತಿ ಪಡೆಯಬೇಕು. ಸಪ್ರೆಸರಿಗೆ ಈ ಫಾರ್ಮ್ ಬೇಕಿಲ್ಲ, ಆದರೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಅದನ್ನು ಇಟ್ಟುಕೊಳ್ಳುವಂತೆಯೇ ಇಲ್ಲ.

ಮರಳಿ ಬರುವುದು ಅನುಮಾನವಾಗಿದ್ದರೆ ಮಾರಿಬಿಡಿ. 2026ರ ಜನವರಿ 1ರಿಂದ ಇವೆರಡರ ಹಸ್ತಾಂತರಕ್ಕೆ ಇದ್ದ 200 ಡಾಲರ್ ತೆರಿಗೆ ಸೊನ್ನೆಯಾಗಿದೆ, ಆದರೆ ಫಾರ್ಮ್ 4 ಮಂಜೂರಾಗುವ ಮುನ್ನ ವಸ್ತು ಕೈ ಬದಲಾಯಿಸಬಾರದು ಎಂಬ ನಿಯಮ ಹಾಗೆಯೇ ಇದೆ. ಆದ್ದರಿಂದ ಅರ್ಜಿಯನ್ನು ಟಿಕೆಟ್ ತೆಗೆಯುವುದಕ್ಕೂ ಮೊದಲೇ ಹಾಕಿ.

ನಿಮ್ಮದು ಗ್ರೀನ್ ಕಾರ್ಡ್ ಆಗಿದ್ದರೆ ನಾಲ್ಕು ವರ್ಷ ಹೊರಗಿರುವುದರಿಂದ ಅದೇ ಕೈತಪ್ಪಬಹುದು, ಆಗ ಟ್ರಸ್ಟಿಯಾಗಿ ಇವನ್ನು ಮತ್ತೆ ಕೈಗೆ ತೆಗೆದುಕೊಳ್ಳುವ ಅರ್ಹತೆಯೂ ಹೋಗುತ್ತದೆ. ಅಮೆರಿಕದ ಪೌರತ್ವ ಪಡೆದು ಒ.ಸಿ.ಐ. (ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್ ಮಾಡಿಸಿಕೊಂಡವರಿಗೆ ಈ ತೊಂದರೆಯಿಲ್ಲ.

ಜೊತೆಗೆ ಒಯ್ಯುವ ಯೋಚನೆಯಂತೂ ಬೇಡವೇ ಬೇಡ. ಅಮೆರಿಕದಿಂದ ಹೊರಗೆ ಸಾಗಿಸಲು ರಫ್ತು ಪರವಾನಗಿ ಮತ್ತು ಎ.ಟಿ.ಎಫ್.ನ ಫಾರ್ಮ್ 9 ಬೇಕು. ಒಮ್ಮೆ ಶಾಶ್ವತವಾಗಿ ರಫ್ತಾದದ್ದನ್ನು ಖಾಸಗಿ ಬಳಕೆಗಾಗಿ ಮರಳಿ ತರಲು ಆಮದು ಕಾನೂನು ಬಿಡುವುದಿಲ್ಲ. ಭಾರತದ ಆಯುಧ ನಿಯಮಗಳಲ್ಲಿ ಶಬ್ದ ತಗ್ಗಿಸುವ ಉಪಕರಣ ನಿಷೇಧಿತ ವರ್ಗಕ್ಕೇ ಸೇರುತ್ತದೆ. ಇಷ್ಟೆಲ್ಲ ಎಚ್ಚರ ವಹಿಸಿಯೂ, ರೇಂಜಿಗೆ ಒಯ್ಯುತ್ತಿದ್ದ ಹಳೆಯ ಚೀಲದ ಹೊಲಿಗೆಯಲ್ಲಿ ಉಳಿದ ಒಂದೇ ಒಂದು ತೋಟೆಯಿಂದಾಗಿ ಭಾರತದ ವಿಮಾನ ನಿಲ್ದಾಣಗಳಲ್ಲಿ ಪೊಲೀಸ್ ಪ್ರಕರಣಕ್ಕೆ ಸಿಕ್ಕಿಕೊಂಡವರಿದ್ದಾರೆ. ಆ ಚೀಲವನ್ನು ಪ್ರಯಾಣಕ್ಕೆ ಬಳಸದೆ ಸಹ ಟ್ರಸ್ಟಿಯ ಮನೆಯಲ್ಲೇ ಬಿಟ್ಟುಹೋಗಿ.