ಕಂಪ್ಯೂಟರ್ ಸೈನ್ಸ್‌ನಿಂದ ಕ್ಯಾನ್ಸರ್ ಸಂಶೋಧನೆಗೆ

ಎಂ.ಟೆಕ್ ಕಂಪ್ಯೂಟರ್ ಸೈನ್ಸ್, ಪಿಯುಸಿ ಆದಮೇಲೆ ಬಯಾಲಜಿ ಮುಟ್ಟಿಲ್ಲ, ಬೆಂಗಳೂರಲ್ಲೇ ಕ್ಯಾನ್ಸರ್ ಮೇಲೆ ಪಿಎಚ್‌ಡಿ ಮಾಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾಡಬಹುದು. ಐಐಎಸ್‌ಸಿಯ ಬಯೋಇಂಜಿನಿಯರಿಂಗ್ ವಿಭಾಗ ಇಂಜಿನಿಯರಿಂಗ್ ಓದಿದವರನ್ನೂ ತೆಗೆದುಕೊಳ್ಳುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆ ಐಬ್ಯಾಬ್ ಕೂಡ ನೋಡಿ.

ಆದರೆ ಕೋಡಿಂಗ್ ಬಂದರೆ ಸಾಕು ಅನ್ನೋದು ಸುಳ್ಳು. ಒಂದು ಉದಾಹರಣೆ ಕೊಡುತ್ತೇನೆ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಇಜಿಎಫ್‌ಆರ್ ಅನ್ನುವ ಜೀನ್‌ನ ಕೆಲವು ಮ್ಯುಟೇಶನ್ (ಡಿಎನ್‌ಎಯಲ್ಲಿನ ಬದಲಾವಣೆ) ಇದ್ದವರಿಗೆ ಜೆಫಿಟಿನಿಬ್ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವು ತಿಂಗಳಾದ ಮೇಲೆ ಗಡ್ಡೆ ಮತ್ತೆ ಬೆಳೆಯುತ್ತದೆ. ಸುಮಾರು ಅರ್ಧ ಜನರಲ್ಲಿ ಇದಕ್ಕೆ ಟಿ790ಎಂ ಅನ್ನುವ ಇನ್ನೊಂದು ಮ್ಯುಟೇಶನ್ ಕಾರಣ. ಅದಕ್ಕೆಂದೇ ಒಸಿಮರ್ಟಿನಿಬ್ ಅನ್ನುವ ಮಾತ್ರೆ ಬಂತು. ಈಗ ಯೋಚಿಸಿ: ಸೀಕ್ವೆನ್ಸಿಂಗ್ ಡೇಟಾದಲ್ಲಿ, ಅಂದರೆ ಯಂತ್ರ ಓದಿದ ಡಿಎನ್‌ಎ ಅಕ್ಷರಗಳಲ್ಲಿ, ಆ ಮ್ಯುಟೇಶನ್ ಹುಡುಕೋದು ನಿಮ್ಮ ಕೆಲಸ. ಸಿಕ್ಕಿದ್ದು ನಿಜವಾದ ಮ್ಯುಟೇಶನ್ನೋ, ಯಂತ್ರದ ತಪ್ಪೋ ಅಂತ ಹೇಳೋಕೆ ಸ್ಯಾಂಪಲ್ ಹೇಗೆ ತೆಗೆದರು, ಅದರಲ್ಲಿ ಗಡ್ಡೆಯ ಕೋಶ ಎಷ್ಟಿತ್ತು ಅನ್ನೋದು ಗೊತ್ತಿರಬೇಕು. ಅದನ್ನು ಪೆಥಾಲಜಿಸ್ಟ್ (ಗಡ್ಡೆಯ ಸ್ಯಾಂಪಲ್ ಪರೀಕ್ಷಿಸುವ ಡಾಕ್ಟರ್) ಹತ್ತಿರವೇ ಕಲಿಯಬೇಕು.

ಹಾಗಾಗಿ ಸಂಸ್ಥೆಯ ಹೆಸರಿಗಿಂತ ಗೈಡ್ ಯಾರು ಅನ್ನೋದು ಜಾಸ್ತಿ ಮುಖ್ಯ. ಅವರ ಪೇಪರ್‌ಗಳಲ್ಲಿ ಆಸ್ಪತ್ರೆಯ ಡಾಕ್ಟರ್‌ಗಳ ಹೆಸರೂ ಇದೆಯಾ ನೋಡಿ. ಇಲ್ಲದಿದ್ದರೆ ಪೇಷಂಟ್ ಸ್ಯಾಂಪಲ್‌ಗಾಗಿ, ಎಥಿಕ್ಸ್ ಕಮಿಟಿ ಒಪ್ಪಿಗೆಗಾಗಿ ಕಾಯುತ್ತಲೇ ವರ್ಷ ಹೋಗುತ್ತದೆ. ಈಗಿರುವ ಗೇಟ್ ಸ್ಕೋರ್ ಇನ್ನೂ ನಡೆಯುತ್ತದಾ ಅಂತ ಮೊದಲು ನೋಡಿಕೊಳ್ಳಿ, ಸ್ಕೋರ್‌ಗೆ ಮೂರೇ ವರ್ಷ ಆಯುಷ್ಯ. ಅರ್ಜಿ ಹಾಕೋ ತನಕ ಸುಮ್ನೆ ಕೂರಬೇಡಿ. ಸಾವಿರಾರು ಗಡ್ಡೆಗಳ ಜೀನ್ ಮಾಹಿತಿ ಇರುವ ಅಮೆರಿಕದ ಟಿಸಿಜಿಎ ಡೇಟಾದ ಬಹುಪಾಲು ಉಚಿತ, ಒಂದು ಕ್ಯಾನ್ಸರ್ ಆರಿಸಿಕೊಂಡು ಕೆದಕಿ ನೋಡಿ.